ರೊಟ್ಟಿ ದಪ್ಪ ಆಗ್ಯಾವ ಎಂದು ಬರೆದ ಅಪ್ಪನಿಗೆ

ಕಿಣ್ಣಿ ಸುಲ್ತಾನ, ಆಳಂದ ತಾಲ್ಲೂಕು
ದೀಪಾವಳಿ ಮುಗಿದ ವಾರ, ೧೯೯೧

ಅಪ್ಪನವರಿಗೆ ನಿಮ್ಮ ಮಗಳು ಸುಂದರಬಾಯಿಯ ಶರಣು.

ಇಲ್ಲಿ ನಾನು ಕ್ಷೇಮ, ಅಲ್ಲಿ ನೀವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆದ ಮೇಲೆಯೇ ಮಾತು ಶುರು ಮಾಡಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ಇಪ್ಪತ್ತು ವರ್ಷ ಹಾಗೇ ಬರೆದೆ. ಈ ಸಲ ಆ ಸಾಲು ಬರೆಯಲು ಕೈ ಏಳಲಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ, ಸಾವಕಾಶವಾಗಿ ಓದಿ. ಕನ್ನಡಕ ಹಾಕಿಕೊಂಡು ನೀವೇ ಓದಿ, ತಮ್ಮ ಅಣ್ಣಾರಾಯನ ಕೈಗೆ ಕೊಟ್ಟು ಓದಿಸಬೇಡಿ. ಇದು ನಿಮಗೂ ನನಗೂ ಇರುವ ಮಾತು.

ನಿಮ್ಮ ಕಾರ್ಡು ಸೋಮವಾರ ಬಂತು. "ನನ್ನ ತಬ್ಯೇತ ಭಾಳ ಕೆಟ್ಟದ. ಮೊಳಕಾಲು ಹಿಡದಾವ, ಹೊಟ್ಯಾಗ ವಾಯು ತಿರಗತದ. ನಿಮ್ಮತ್ತಿ ಭಾಗಮ್ಮ ಆರಾಮ ಅದಾಳ, ಆದ್ರ ಮೊದಲಿನಂಗ ಮೈ ಬಗ್ಗಿಸಿ ಕೆಲಸ ಮಾಡೂದಿಲ್ಲ. ರೊಟ್ಟಿ ದಪ್ಪ ಆಗ್ಯಾವ, ನನ್ನ ಹಲ್ಲಿಗಿ ಬರವಲ್ಲವು. ನಿನಗ ಗಂಡ ಇಲ್ಲ, ಮಕ್ಕಳಿಲ್ಲ. ಎರಡು ಮೂರು ತಿಂಗಳು ರಜಾ ಹಾಕಿ ಬಾ, ಬಂದು ನನ್ನ ನೋಡ್ಕೋ." ಇಷ್ಟು ಬರೆದು ಕೆಳಗೆ ದೌಲತರಾಯ ಎಂದು ರುಜು ಹಾಕಿದ್ದೀರಿ. ಎಪ್ಪತ್ತೇಳಾದರೂ ನಿಮ್ಮ ಅಕ್ಷರ ಒಂದೂ ನಡುಗಿಲ್ಲ, ಅಪ್ಪ.

ಅವತ್ತು ಇಲ್ಲಿ ಕೂಸುಗಳಿಗೆ ಲಸಿಕೆ ಹಾಕುವ ದಿನ. ಕಾರ್ಡನ್ನು ರಿಜಿಸ್ಟರಿನೊಳಗೆ ಇಟ್ಟು, ಒಂದು ಕೂಸಿಗೆ ಸೂಜಿ ಚುಚ್ಚಿ ಮತ್ತೆ ತೆಗೆದು ಓದುತ್ತಿದ್ದೆ. ನಿಮ್ಮ ಮೊಳಕಾಲಿಗೆ ಹೆದರಿದೆ ಎಂದುಕೊಳ್ಳಬೇಡಿ. ನಿಮ್ಮ ಮೊಳಕಾಲು ನಾನು ಹುಟ್ಟುವ ಮೊದಲಿನಿಂದಲೂ ಹಿಡಿದಿದೆ. ನಾನು ಹೆದರಿದ್ದು ರೊಟ್ಟಿಗೆ. ರೊಟ್ಟಿ ದಪ್ಪ ಆಗ್ಯಾವ ಎಂಬ ಮಾತನ್ನು ಆರು ವರ್ಷದ ಹಿಂದೆ ಇದೇ ಬಾಯಿಂದ ಕೇಳಿದ್ದೆ. ಆಗ ನೀವು ಗಂಗಾಳದ ಮುಂದೆ ಕುಳಿತಿದ್ದಿರಿ, ಅವ್ವ ಒಲೆಯ ಮುಂದೆ ಕುಳಿತಿದ್ದಳು. ಅದಾದ ಮೇಲೆ ಅವ್ವ ಒಂದು ವರ್ಷವೂ ಬದುಕಲಿಲ್ಲ.

ನಿಮಗೆ ಅದು ನೆನಪಿರಲಿಕ್ಕಿಲ್ಲ. ನಿಮ್ಮ ವಾಯು ಯಾವ ತಿಥಿಗೆ ಯಾವ ಪಕ್ಕೆಗೆ ಸರಿಯಿತೆಂಬುದು ನಿಮಗೆ ನೆನಪಿರುತ್ತದೆ. ಅದಕ್ಕೇ ಮೊದಲಿನಿಂದ ಹೇಳುತ್ತೇನೆ.

೧೯೮೪ರ ಮಳೆಗಾಲ ಮುಗಿದ ಮೇಲೆ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳಲ್ಲಿ ಅರವತ್ತು ದಾಟಿದವರ ಆರೋಗ್ಯ ಸಮೀಕ್ಷೆ ನಡೆಯಿತಲ್ಲ, ಹೊರಗಿನ ಒಂದು ಸಂಸ್ಥೆಯವರು ನಡೆಸಿದ್ದು. ನಮ್ಮಂಥ ನರ್ಸುಗಳನ್ನು ಮೂರು ತಿಂಗಳಿಗೆ ಎರವಲು ಪಡೆದು ಹೆಗಲಿಗೊಂದು ಚೀಲ, ಚೀಲದ ತುಂಬ ಫಾರಮು ಕೊಟ್ಟು ಮನೆಮನೆಗೆ ಕಳಿಸಿದರು. ಫಾರಮಿನಲ್ಲಿ ನಲವತ್ತು ಪ್ರಶ್ನೆ. ಅವುಗಳಲ್ಲಿ ಮುಖ್ಯವಾದದ್ದು ಒಂದೇ ಎಂದು ನಮ್ಮ ಸಾಹೇಬರು ಮತ್ತೆ ಮತ್ತೆ ಹೇಳುತ್ತಿದ್ದರು: ನಿಮ್ಮ ಆರೋಗ್ಯ ಹೇಗಿದೆ ಎಂದು ನಿಮಗೆ ಅನಿಸುತ್ತದೆ? ಉತ್ತಮ, ಸಾಧಾರಣ, ಕಳಪೆ. ಯಾವುದಾದರೂ ಒಂದಕ್ಕೆ ಗುರುತು ಹಾಕಬೇಕು. ಕಳಪೆ ಎಂದವರಿಗೆ ಅಲ್ಲೇ ಒಂದು ಗುಲಾಬಿ ಚೀಟಿ. ಆ ಚೀಟಿ ಇದ್ದವರನ್ನು ಮುಂದೆ ಶಿಬಿರದಲ್ಲಿ ದೊಡ್ಡ ಡಾಕ್ಟರುಗಳು ನೋಡುತ್ತಾರೆ. ಚೀಟಿ ಇಲ್ಲದವರಿಗೆ ನಮಸ್ಕಾರ ಹೇಳಿ ಮುಂದಿನ ಮನೆಗೆ ನಡೆಯಬೇಕು. ಅವರು ಹೇಳಿದ್ದನ್ನೇ ಬರೆಯಿರಿ, ನಿಮ್ಮ ಬುದ್ಧಿ ಸೇರಿಸಬೇಡಿ, ಇದು ವಿಜ್ಞಾನ ಎಂದು ಸಾಹೇಬರ ಕಟ್ಟಪ್ಪಣೆ. ನಾನೂ ಅದನ್ನು ದೇವರ ಮಾತಿನಂತೆ ಪಾಲಿಸಿದೆ.

ಜೇವರ್ಗಿ ಕಡೆಯ ಒಂದು ಹಳ್ಳಿಯಲ್ಲಿ ಮಾಳಮ್ಮ ಎಂಬ ಮುದುಕಿಯ ಮನೆಗೆ ಹೋದೆ. ಆಕೆಯ ಗಂಡ ಹೊರಸಿನ ಮೇಲೆ ಎರಡು ದಿಂಬು ಆನಿಸಿಕೊಂಡು ಕುಳಿತಿದ್ದ. ಪ್ರಶ್ನೆ ಪೂರ್ತಿ ಕೇಳುವುದಕ್ಕೂ ಬಿಡಲಿಲ್ಲ. "ಕಳಪೆಕ್ಕಿಂತ ಕೆಳಗಿಂದು ಏನಾರ ಅದ ಏನ್ರಿ ಬಾಯಾರ? ಇದ್ರ ಅದನ ಬರ್ಕೋರಿ" ಎಂದ. ನನಗೆ ನಗು ಬಂತು. ಮಾಳಮ್ಮ ಬೆನ್ನು ಬಾಗಿ ನೆಲ ನೋಡುತ್ತಲೇ ಕೊಡ ಹೊತ್ತು ಬಂದಳು. ಕೊಡ ಇಳಿಸಿ ಗೋಡೆ ಹಿಡಿದು ಕೆಮ್ಮಿದಳು, ಕೆಮ್ಮು ನಿಲ್ಲುವವರೆಗೆ ನಾನು ಪೆನ್ನು ಹಿಡಿದು ಕಾದೆ. ಆಮೇಲೆ ಕೇಳಿದೆ. "ನಂಗೇನಾಗ್ಯದ ಬೇ? ಎಂಟು ಮಂದಿಗಿ ರೊಟ್ಟಿ ಬಡೀತೇನಿ" ಎಂದಳು. ನಾನು ಉತ್ತಮಕ್ಕೆ ಗುರುತು ಹಾಕಿದೆ. ಗುಲಾಬಿ ಚೀಟಿ ಹೊರಸಿನ ಮೇಲಿದ್ದವನಿಗೆ ಹೋಯಿತು.

ಹೀಗೆ ಒಂದು ಮನೆಯಲ್ಲ, ಓಣಿಗೆ ಓಣಿಯೇ ಹೀಗೆ. ಗಂಡಸರಿಗೆ ತಬ್ಯೇತ ಎಂದರೆ ಮೈಯೊಳಗೆ ಏನೇನು ನೋಯುತ್ತದೆ ಎಂಬ ಲೆಕ್ಕ. ಹೆಂಗಸರಿಗೆ ತಬ್ಯೇತ ಎಂದರೆ ಇವತ್ತು ರೊಟ್ಟಿ ಆಯಿತೋ ಇಲ್ಲವೋ ಎಂಬುದು ಅಷ್ಟೇ. ರೊಟ್ಟಿ ಬಡಿಯುವಷ್ಟು ದಿನ ಆರಾಮ. ಬಡಿಯಲು ಆಗದ ದಿನ ಮಣ್ಣಿಗೆ ಹೋಗುವ ದಿನ. ಇವೆರಡರ ನಡುವೆ ಸಾಧಾರಣ ಎಂಬ ಮನೆ ಅವರಿಗೆ ಗೊತ್ತೇ ಇರಲಿಲ್ಲ. ಗಂಡನ ಮುಂದೆ ನನಗೆ ಆರಾಮಿಲ್ಲ ಎನ್ನುವುದೆಂದರೆ ನಾಳೆಯಿಂದ ನಿನಗೆ ರೊಟ್ಟಿ ಇಲ್ಲ ಎಂದಂತೆ. ಹಾಗೆ ಹೇಳುವ ಗಂಡೆದೆ ಯಾವ ಮುದುಕಿಗಿದೆ ಹೇಳಿ.

ನಮ್ಮ ತಂಡದಲ್ಲಿ ಇದನ್ನು ಕಂಡುಕೊಂಡವಳು ಒಬ್ಬಳೇ, ಜೇವರ್ಗಿಯ ಸರ್ವರಬೇಗಂ. ನನಗಿಂತ ಹತ್ತು ವರ್ಷ ದೊಡ್ಡವಳು, ಸೂಲಗಿತ್ತಿಯ ಮಗಳು. ಆಕೆ ಮುದುಕಿಯರನ್ನು ಎರಡು ಸಲ ಕೇಳುತ್ತಿದ್ದಳು. ಗಂಡನ ಮುಂದೊಮ್ಮೆ ಕೇಳಿ ಬರೆದುಕೊಂಡು, ನೀರು ಕುಡಿಯುವ ನೆಪ ಮಾಡಿ ಹಿತ್ತಲಿಗೆ ಹೋಗಿ ಮತ್ತೊಮ್ಮೆ ಕೇಳುವಳು. "ಅಂಗಳದಾಗ ಕೇಳಿದ್ರ ಗಂಡಂದು ಜವಾಬ್ ಬರ್ತದ ಬೆಹೆನ್. ಹಿತ್ತಲದಾಗ ಕೇಳ್ರಿ, ಅಕೀಂದು ಬರ್ತದ" ಎಂದು ನನಗೂ ಹೇಳಿಕೊಟ್ಟಳು. ಅವಳ ಫಾರಮುಗಳಲ್ಲಿ ಹೆಂಗಸರ ಸಾಲಿನಲ್ಲೆಲ್ಲ ಉತ್ತಮ ಹೊಡೆದುಹಾಕಿ ಕಳಪೆ ಎಂದಿತ್ತು. ಸಾಹೇಬರು ಎಲ್ಲರೆದುರು ಆಕೆಯನ್ನು ನಿಲ್ಲಿಸಿ, ಒಬ್ಬರಿಗೆ ಒಂದೇ ಉತ್ತರ, ನೀನು ಮುದುಕಿಯರ ಬಾಯಲ್ಲಿ ಮಾತು ತುರುಕುತ್ತಿದ್ದೀ ಎಂದು ಬೈದರು. ನಿಮ್ಮಲ್ಲಿ ಯಾರಾದರೂ ಹೀಗೆ ಮಾಡುತ್ತೀರಾ ಎಂದು ನಮ್ಮನ್ನು ಕೇಳಿದರು. ಇಲ್ಲ ಸರ್ ಎಂದು ಮೊದಲು ಹೇಳಿದವಳು ನಾನು. ಸರ್ವರಬೇಗಂ ನನ್ನ ಮುಖ ನೋಡಿದಳು. ಮರುವಾರ ಆಕೆ ಕೆಲಸ ಬಿಟ್ಟಳು.

ಆಮೇಲೆ ನಮ್ಮ ಕರಜಗಿಯ ಸರದಿ ಬಂತು. ನಮ್ಮ ಮನೆಯ ಫಾರಮನ್ನು ಬೇರೆಯವರು ತುಂಬಬೇಕಿತ್ತು. ನನ್ನ ಜೊತೆಯವಳಿಗೆ ಜ್ವರ ಬಂದು ಅದೂ ನನ್ನ ಪಾಲಿಗೇ ಬಿತ್ತು. ನೀವು ಬಹಳ ಖುಷಿಯಲ್ಲಿದ್ದಿರಿ. ಮಗಳು ಸರ್ಕಾರಿ ಚೀಲ ಹಾಕಿಕೊಂಡು ಬಂದಿದ್ದಾಳೆ ಎಂದು ಓಣಿಗೆಲ್ಲ ಕೇಳುವಂತೆ ಮಾತಾಡಿದಿರಿ. ನಿಮ್ಮ ಫಾರಮು ತುಂಬಲು ಮುಕ್ಕಾಲು ತಾಸು ಹಿಡಿಯಿತು. ಮೊಳಕಾಲು, ವಾಯು, ಎಡಗಣ್ಣಿನ ನೀರು, ಉಂಡ ಮೇಲಿನ ತೇಗು, ಉಣ್ಣುವ ಮೊದಲಿನ ತೇಗು. ಹಿಂದಿನ ವರ್ಷ ಬಂದ ಜ್ವರವನ್ನೂ ಬಿಡಲಿಲ್ಲ. ಕಳಪೆ ಎಂದು ಬರೆದೆ, ಗುಲಾಬಿ ಚೀಟಿ ಕೊಟ್ಟೆ. ನೀವು ಅದನ್ನು ಕಣ್ಣಿಗೆ ಒತ್ತಿಕೊಂಡಿರಿ.

ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕೈಯೆಲ್ಲ ಜೋಳದ ಹಿಟ್ಟು. ನಾನು ಫಾರಮಿನಲ್ಲಿ ಗುರುಶಾಂತಮ್ಮ, ವಯಸ್ಸು ಅರವತ್ತೆರಡು ಎಂದು ಬರೆದು, ತಬ್ಯೇತ ಹೇಗಿದೆ ಅವ್ವ ಎಂದು ತಲೆ ಎತ್ತದೆ ಕೇಳಿದೆ. ಅವಳು ಬಾಯಿ ತೆರೆಯುವ ಮೊದಲು ನೀವು ಹೇಳಿದಿರಿ. "ಅಕೀಗೇನಾಗ್ಯದ? ಕಬ್ಬಿನ ಗಾಡಿ ಎಳಿಯೋ ಎತ್ತಿನಂಗ ಅದಾಳ. ಬರಕೋ, ಉತ್ತಮ." ಅವ್ವ ನಕ್ಕಳು. "ಹೌದವ್ವ, ನಿಮ್ಮಪ್ಪ ಹೇಳಿದಂಗ ಬರ್ಕೋ" ಎಂದಳು. ನಾನು ಬರೆದುಕೊಂಡೆ. ನನ್ನ ಗಂಡ ತೀರಿಕೊಂಡು ಇಪ್ಪತ್ತೆರಡನೇ ವಯಸ್ಸಿಗೆ ನಾನು ಮನೆಗೆ ಬಂದಾಗ, ಇಕಿ ಮೂಲೆ ಹಿಡಿದು ಕೂಡಬಾರದು ಎಂದು ನಿಮ್ಮ ಜೊತೆ ಜಗಳಾಡಿ ನನ್ನನ್ನು ನರ್ಸ್ ಕಲಿಯಲು ಕಳಿಸಿದವಳು ಆಕೆ. ಆ ಕಲಿತ ಕೈಯಿಂದ ಆಕೆಯ ಹೆಸರಿನ ಮುಂದೆ ಉತ್ತಮ ಎಂದು ಗುರುತು ಹಾಕಿದೆ. ಹಿತ್ತಲು ಹತ್ತು ಹೆಜ್ಜೆ ದೂರದಲ್ಲಿತ್ತು ಅಪ್ಪ. ನೀರು ಕೊಡು ಅವ್ವ ಎಂದು ಒಳಗೆ ಹೋಗಿದ್ದರೆ ಸಾಕಾಗಿತ್ತು.

ಎರಡು ತಿಂಗಳಾದ ಮೇಲೆ ಅಫಜಲಪುರದ ಒಂದು ಶಾಲೆಯಲ್ಲಿ ಶಿಬಿರ. ಆ ದಿನ ನನ್ನ ಕಣ್ಣಿಗೆ ಕಟ್ಟಿದೆ. ಒಳಗೆ ಬೆಂಚುಗಳ ಮೇಲೆ ಸಾಲಾಗಿ ಮುದುಕರು, ಕೈಯಲ್ಲಿ ಗುಲಾಬಿ ಚೀಟಿ. ಹೊರಗೆ ಬೇವಿನ ಮರದ ಬುಡದಲ್ಲಿ ಅವರ ಹೆಂಡಂದಿರು, ತೊಡೆಯ ಮೇಲೆ ಬುತ್ತಿಯ ಗಂಟು. ಮುದುಕರಿಗೆ ಹೊತ್ತಿಗೆ ಸರಿಯಾಗಿ ಉಣ್ಣಲು ಬೇಕಲ್ಲ, ಅದಕ್ಕೆ ಬಂದವರು. ಒಬ್ಬಳ ಕಾಲು ಬಾತು ಹೊಳೆಯುತ್ತಿತ್ತು. ಒಬ್ಬಳ ಎರಡೂ ಕಣ್ಣಲ್ಲಿ ಪೊರೆ. ಅವರೆಲ್ಲರೂ ನಮ್ಮ ಕಾಗದದಲ್ಲಿ ಉತ್ತಮ. ಅವರ ನಡುವೆ ಅವ್ವ ನಿಮ್ಮ ಬುತ್ತಿ ಹಿಡಿದು ಕುಳಿತಿದ್ದಳು.

ನಾನು ಬಿಳಿ ಸೀರೆ ಉಟ್ಟು ರಿಜಿಸ್ಟರು ಹಿಡಿದು ಒಳಗೂ ಹೊರಗೂ ಓಡಾಡುತ್ತಿದ್ದೆ. ಅವ್ವ ಕರೆದಳು. "ಸುಂದ್ರಾ, ಜರಾ ಇಲ್ಲಿ ಬಾ." ನಾನು ನಿಲ್ಲದೆ, "ಆಮ್ಯಾಲ ಬರ್ತೇನಿ ಅವ್ವ, ಭಾಳ ಕೆಲಸ ಅದ" ಎಂದೆ. ಮಧ್ಯಾಹ್ನ ಹೋಗಿ ಏನು ಕರೆದಿದ್ದೆ ಎಂದು ಕೇಳಿದಾಗ ನೀವು ಪಕ್ಕದಲ್ಲಿ ಕುಳಿತು ಉಣ್ಣುತ್ತಿದ್ದಿರಿ. "ಏನಿಲ್ಲ, ನೀ ಉಂಡಿ ಏನು ಅಂತ ಕೇಳಬೇಕಂದಿದ್ದೆ" ಎಂದಳು.

ನಿಮ್ಮನ್ನು ನೋಡಿದ ಡಾಕ್ಟರು ಏನಂದರು ನೆನಪಿದೆಯಾ? "ಮುತ್ಯಾ, ನೀವು ನನಗಿಂತ ಗಟ್ಟಿ ಅದೀರಿ, ದಿನಾ ಹೊಲದ ತನಕ ನಡದು ಬರ್ರಿ." ನೀವು ಸಿಟ್ಟಾದಿರಿ. ಅವನಿಗೇನು ತಿಳಿಯತದ, ಮೀಸಿ ಬಾರದ ಪೋರ ಎಂದು ದಾರಿಯುದ್ದಕ್ಕೂ ಬೈದಿರಿ. ಕೊಟ್ಟ ಶಕ್ತಿಯ ಗುಳಿಗೆಗಳನ್ನು ಮಾತ್ರ ಒಂದೂ ಬಿಡದೆ ನುಂಗಿದಿರಿ.

ಆಮೇಲೆ ವರದಿ ಬಂತು. ಈ ಮೂರು ತಾಲ್ಲೂಕುಗಳಲ್ಲಿ ವೃದ್ಧ ಪುರುಷರಿಗಿಂತ ವೃದ್ಧ ಮಹಿಳೆಯರು ತಮ್ಮ ಆರೋಗ್ಯದ ಬಗ್ಗೆ ಹೆಚ್ಚು ತೃಪ್ತರಾಗಿದ್ದಾರೆ ಎಂದು ಸಭೆಯಲ್ಲಿ ಓದಿದರು. ಜೋಳದ ರೊಟ್ಟಿಯ ಶಕ್ತಿ ಎಂದು ಯಾರೋ ಚಾಷ್ಟಿ ಮಾಡಿದರು, ಎಲ್ಲರೂ ನಕ್ಕರು. ನಾನೂ ಚಪ್ಪಾಳೆ ತಟ್ಟಿದೆ.

೧೯೮೫ರ ಶ್ರಾವಣದಲ್ಲಿ ಊರಿಗೆ ಬಂದಾಗಲೇ ನೀವು ಗಂಗಾಳ ಸರಿಸಿದ್ದು. "ಏನಿದು, ರೊಟ್ಟಿ ದಪ್ಪ ಆಗ್ಯಾವ. ಕೈಯಾಗಿನ ಕಸುವು ಎಲ್ಲಿ ಹೋಯಿತು? ವಯಸ್ಸಾದಂಗ ಮೈಗಳ್ಳಿ ಆಗಾಕತ್ತಿ" ಎಂದಿರಿ. ಕುಕ್ಕರಗಾಲಲ್ಲಿ ಕುಳಿತು ರೊಟ್ಟಿ ಬಡಿಯುವಾಗ ಒಂದೊಂದು ಪೆಟ್ಟೂ ಕಿಬ್ಬೊಟ್ಟೆಗೆ ಹೋಗಿ ತಾಗುತ್ತದೆ. ಅಲ್ಲಿ ನೋವಿದ್ದವಳು ಇಪ್ಪತ್ತು ಪೆಟ್ಟಿನ ಕಡೆ ಹತ್ತೇ ಹಾಕುತ್ತಾಳೆ, ರೊಟ್ಟಿ ದಪ್ಪ ಉಳಿಯುತ್ತದೆ. ಇದು ನನಗೆ ಈಗ ಗೊತ್ತು. ಅವತ್ತು ನಾನೂ ನಿಮ್ಮ ಪಕ್ಕದಲ್ಲೇ ಕುಳಿತು ಅದೇ ದಪ್ಪ ರೊಟ್ಟಿ ಮುರಿದು ತಿಂದೆ. ಅಪ್ಪ ಹೇಳಿದ್ದು ಖರೇ ಎಂದುಕೊಂಡೆ.

ಎಳ್ಳಮಾವಾಸ್ಯೆ ಬಂತು. ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಉಣ್ಣುವ ಹಬ್ಬ. ಅವ್ವನಿಗೆ ಅದಕ್ಕಿಂತ ದೊಡ್ಡ ಹಬ್ಬ ಇರಲಿಲ್ಲ. ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಎಲ್ಲ ಮಾಡಿ ಗಾಡಿಗೆ ಏರಿಸಿ, ಗಾಡಿ ಹತ್ತುವ ಹೊತ್ತಿಗೆ "ನೀವು ಹೋಗ್ರಿ, ನಾ ಮನಿ ಕಾಯ್ತೇನಿ" ಎಂದಳು. ನೀವು ಹೋದಿರಿ. ನಾನು ಅರ್ಧ ದಾರಿಯಿಂದ ಇಳಿದು ತಿರುಗಿ ಬಂದೆ. ಯಾಕೆ ಎಂದು ಕೇಳಿದರೆ ಹೇಳಲಾರೆ, ಸಜ್ಜೆ ರೊಟ್ಟಿ ಕೂಡ ದಪ್ಪ ಇದ್ದದ್ದು ತಲೆಯಲ್ಲಿ ಕುಟುಕುತ್ತಿತ್ತು. ಅವ್ವ ಹಿತ್ತಲ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಹಳೆಯ ಸೀರೆ ಹರಿದು ಮಾಡಿದ ಬಟ್ಟೆಗಳು. ನೀರೆಲ್ಲ ಕೆಂಪು. ಮುಟ್ಟು ನಿಂತು ಹದಿಮೂರು ವರ್ಷವಾದ ಹೆಂಗಸು, ಅಪ್ಪ. ನನ್ನನ್ನು ಕಂಡು ಕಳವು ಮಾಡಿ ಸಿಕ್ಕವಳ ಹಾಗೆ ಬಕೀಟು ಮುಚ್ಚಲು ಹೋದಳು.

ಎರಡು ವರ್ಷದಿಂದ ರಕ್ತ ಹೋಗುತ್ತಿತ್ತಂತೆ. ಎರಡು ವರ್ಷ ಒಂದೇ ಮನೆಯಲ್ಲಿದ್ದು ನಿಮಗೆ ಗೊತ್ತಾಗಲಿಲ್ಲ ಎಂದರೆ ನಾನು ನಂಬುತ್ತೇನೆ. ಯಾಕೆ ಗೊತ್ತಾಗಲಿಲ್ಲ ಎಂಬುದೇ ನನಗೆ ಇವತ್ತಿಗೂ ನುಂಗಲಾಗದ ತುತ್ತು. ಲಿಂಗ ಕಟ್ಟಿದವರ ಮನೆಯಲ್ಲಿ ಸೂತಕ ಇಲ್ಲ ಎಂದು ನೀವು ಎದೆ ಉಬ್ಬಿಸಿ ಹೇಳುತ್ತಿದ್ದಿರಿ. ಅದು ದೊಡ್ಡ ಮಾತೇ. ನಮ್ಮ ಮನೆಯ ಹೆಣ್ಣು ಯಾವತ್ತೂ ಹೊರಗೆ ಕೂಡಲಿಲ್ಲ, ಮುಟ್ಟಾದ ದಿನವೂ ಪೂಜೆ ಮಾಡಿದಳು, ಅಡಿಗೆ ಮಾಡಿದಳು. ನಾನೂ ಅದರಲ್ಲೇ ಬೆಳೆದು ಹೆಮ್ಮೆಪಟ್ಟೆ. ಓಣಿಯ ಕೊನೆಯ ಮನೆಯ ಸಕ್ಕುಬಾಯಿಗೂ ಅದೇ ವರ್ಷ ಅದೇ ಜಡ್ಡು ಶುರುವಾಗಿತ್ತು. ಅವರ ಮನೆಯಲ್ಲಿ ಹೊರಗೆ ಕೂಡುವ ಪದ್ಧತಿ ಇದೆ. ಅರವತ್ತರ ಮುದುಕಿ ದನದ ಕೊಟ್ಟಿಗೆಯ ಪಕ್ಕ ಕುಳಿತದ್ದನ್ನು ಕಂಡು ಓಣಿಗೆ ಓಣಿಯೇ ಮೂಗಿನ ಮೇಲೆ ಬೆರಳಿಟ್ಟಿತು. ವಾರದೊಳಗೆ ಮಗ ನಾಚಿಕೆಗೆ ಸೊಲ್ಲಾಪುರಕ್ಕೆ ಕರೆದೊಯ್ದು ಆಪರೇಷನ್ ಮಾಡಿಸಿದ. ಆಕೆ ಇವತ್ತಿಗೂ ಕಲ್ಲುಗುಂಡಿನ ಹಾಗೆ ಇದ್ದಾಳೆ.

ಕೆಟ್ಟ ಪದ್ಧತಿ ಒಳ್ಳೆಯದು ಎಂದು ನಾನು ಹೇಳುವವಳಲ್ಲ, ಹಾಗೆ ತಿರುಚಬೇಡಿ. ಕೊಟ್ಟಿಗೆಯಲ್ಲಿ ಕೂಡಿಸುವುದು ಎಂದಿಗೂ ಕೆಟ್ಟದ್ದೇ. ಆದರೆ ಸೂತಕ ಇಲ್ಲ ಎಂದ ನೀವು ಅಲ್ಲಿಗೇ ಕೈ ತೊಳೆದುಕೊಂಡಿರಿ. ಸೂತಕವನ್ನು ಬಿಟ್ಟ ಮನೆಯಲ್ಲಿ ವಿಚಾರಿಸುವುದನ್ನಾದರೂ ಇಟ್ಟುಕೊಳ್ಳಬೇಕಿತ್ತು. ಅವ್ವ ನನಗೆ ಅಂದದ್ದು ಒಂದೇ ಮಾತು. "ಸಕ್ಕೂನ ಪುಣ್ಯಾ ದೊಡ್ಡದು ನೋಡವ್ವ, ಅಕೀಗಿ ಹೋಗಿ ಕೂಡಾಕ ಒಂದು ಮೂಲಿ ಇತ್ತು."

ಅವ್ವನನ್ನು ಕರೆದೊಯ್ದು ತೋರಿಸಿದಾಗ ಸೊಲ್ಲಾಪುರದ ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು, "ಒಂದು ವರ್ಷ ಮೊದಲ ತಂದಿದ್ರ ಉಳಸತಿದ್ದೆ. ಮನ್ಯಾಗ ನರ್ಸ್ ಅದಾರ ಅಂತೀರಿ" ಎಂದರು. ಒಂದು ವರ್ಷದ ಹಿಂದೆ ಅಂದರೆ ಸರಿಯಾಗಿ ಆ ಶಿಬಿರದ ದಿನಗಳು. ಒಳಗೆ ಹೆಂಗಸರನ್ನು ನೋಡುವ ಡಾಕ್ಟರು ಕೆಲಸವಿಲ್ಲದೆ ಪೇಪರು ಓದುತ್ತ ಕುಳಿತಿದ್ದರು, ಅವ್ವ ಹೊರಗೆ ಬೇವಿನ ಕೆಳಗೆ ಕುಳಿತಿದ್ದಳು.

ಅವ್ವನ ಮಂಚದ ಪಕ್ಕ ಕುಳಿತು ನಾನು ಅವಳ ಮೇಲೇ ಸಿಟ್ಟು ಮಾಡಿದೆ. ಯಾಕೆ ಹೇಳಲಿಲ್ಲ ಎಂದೆ. "ಯಾರು ಕೇಳಿದ್ರವ್ವ?" ಎಂದಳು. ನಾನೇ ಕೇಳಿದ್ದೆನಲ್ಲ, ಮನೆಗೆ ಬಂದು ಕೇಳಿದ್ದೆನಲ್ಲ ಎಂದೆ. ಅವ್ವ ನನ್ನ ಕೈ ಹಿಡಿದುಕೊಂಡು, ಬೈಯದೆ, ಮೆಲ್ಲಗೆ ಅಂದಳು. "ನೀ ನಿನ್ನ ಕಾಗದಕ್ಕ ಕೇಳಿದಿ. ನಿಮ್ಮಪ್ಪ ಜವಾಬು ಕೊಟ್ರು. ಶಿಬಿರದಾಗ ನಾನೇ ಹೇಳಬೇಕಂತ ಬಂದಿದ್ದೆ. ನಿನಗ ಕೆಲಸಿತ್ತು." ನಾನು ಅತ್ತೆ. ಅವಳು ನನ್ನ ಬೆನ್ನು ಸವರಿದಳು. ಸಾಯುವವಳೇ ಸಮಾಧಾನ ಮಾಡಬೇಕಾಯಿತು.

ವೈಶಾಖದಲ್ಲಿ ಹೋದಳು. ಮಾತಾಡಿಸಲು ಬಂದವರಿಗೆಲ್ಲ ನೀವು ಜಗಲಿಯ ಮೇಲೆ ಕುಳಿತು ಹೇಳಿದ್ದನ್ನು ನಾನು ಒಳಗಿನಿಂದ ಕೇಳಿದೆ. "ಒಂದು ದಿನಾ ಜಡ್ಡು ಅಂತ ಮಲಗಿದಾಕಿ ಅಲ್ಲ. ಆರಾಮ ಇದ್ದಳು, ಹೋದಳು. ಜಡ್ಡಿನ ಮುದುಕ ನಾ ಉಳದೀನಿ ನೋಡ್ರಿ." ಹೊಗಳಿ ಹೇಳಿದಿರಿ, ಕಣ್ಣೀರು ಹಾಕಿಯೇ ಹೇಳಿದಿರಿ, ಅದು ಸುಳ್ಳು ಕಣ್ಣೀರಲ್ಲ. ಬಂದ ಹೆಂಗಸರು ಮುತ್ತೈದೆ ಸಾವು, ಪುಣ್ಯವಂತಿ ಎಂದರು. ನಾಲ್ಕು ತಿಂಗಳು ಆಕೆ ಹಲ್ಲು ಕಚ್ಚಿ ಒದ್ದಾಡಿದ್ದು ಯಾರ ಬಾಯಲ್ಲೂ ಬರಲಿಲ್ಲ. ಅವತ್ತಿನಿಂದ ನಿಮ್ಮ ಮೇಲಿನ ಸಿಟ್ಟು ನನ್ನ ಎದೆಯಲ್ಲಿ ಕೂತಿದೆ. ಕಾರ್ಡು ಬರೆದಿದ್ದೇನೆ, ಹಬ್ಬಕ್ಕೆ ಬಂದಿದ್ದೇನೆ, ನಿಮ್ಮ ಮೊಳಕಾಲಿಗೆ ಎಣ್ಣೆ ತಿಕ್ಕಿದ್ದೇನೆ, ಸಿಟ್ಟು ಇಳಿಯಲಿಲ್ಲ. ಚಿಕ್ಕವಳಿದ್ದಾಗ ನನಗೆ ಜ್ವರ ಏರಿದ ದಿನ ಹೆಗಲ ಮೇಲೆ ಹೊತ್ತು ಭೀಮಾ ಹೊಳೆ ದಾಟಿಸಿ ವೈದ್ಯರ ಹತ್ತಿರ ಓಡಿದವರೂ ನೀವೇ. ಅದನ್ನು ಮರೆತಿದ್ದರೆ ನನಗೆ ಹಗುರಾಗುತ್ತಿತ್ತು. ಒಬ್ಬರಿಗಾಗಿ ಓಡಲು ನಿಮಗೆ ಬರುತ್ತದೆ ಎಂದು ಗೊತ್ತಿರುವುದಕ್ಕೇ ಇಷ್ಟು ಕಹಿ.

ಅವ್ವ ಹೋದ ಮೇಲೆ ಅಣ್ಣಾರಾಯನ ಹೆಂಡತಿ ಮಾಡಿದ ರೊಟ್ಟಿ ನಿಮ್ಮ ಗಂಟಲಲ್ಲಿ ಇಳಿಯಲಿಲ್ಲ. ಗಂಡ ಸತ್ತು ಒಂಟಿಯಾಗಿದ್ದ ನಿಮ್ಮ ತಂಗಿ ಭಾಗಮ್ಮತ್ತೆಯನ್ನು ಕರೆಸಿಕೊಂಡಿರಿ. ಐದು ವರ್ಷ ಆಕೆ ಬಡಿದಳು. ಈಗ ಅರವತ್ತಾರು. ಪಂಚಮಿಗೆ ಬಂದಾಗ ನಾನು ಆಕೆಯನ್ನು ಕೇಳಿದೆ, ತಬ್ಯೇತ ಹೆಂಗದ ಅತ್ತಿ ಎಂದು. "ನಂಗೇನಾಗ್ಯದ ಬೇ ಸುಂದ್ರಾ, ದಿನಾ ಇಪ್ಪತ್ತು ರೊಟ್ಟಿ ಬಡೀತೇನಿ" ಎಂದಳು. ಎಲ್ಲಿ ಕೇಳಿದೆ ಗೊತ್ತೇ? ಅಂಗಳದಲ್ಲಿ, ನಿಮ್ಮ ಮುಂದೆ, ಬಸ್ಸಿಗೆ ಹೊತ್ತಾಯಿತೆಂದು ಚೀಲ ಹೆಗಲಿಗೇರಿಸಿಕೊಂಡು. ಅವ್ವನನ್ನು ಮಣ್ಣು ಮಾಡಿ ಬಂದವಳಿಗೂ ಬುದ್ಧಿ ಬರಲಿಲ್ಲ ನೋಡಿ. ನಿಮ್ಮನ್ನು ಬೈಯುವ ಬಾಯಿ ನನ್ನದು, ಆದರೆ ಅದು ಒಳಗೂ ಕಚ್ಚುತ್ತದೆ.

ಆದ್ದರಿಂದ ನಿಮ್ಮ ಕಾರ್ಡಿಗೆ ನನ್ನ ಜವಾಬು ಇದು. ನಿಮ್ಮನ್ನು ನೋಡಿಕೊಳ್ಳಲು ನಾನು ಬರುವುದಿಲ್ಲ. ರಜೆಯೂ ಹಾಕುವುದಿಲ್ಲ, ರೊಟ್ಟಿಯೂ ಬಡಿಯುವುದಿಲ್ಲ. ಆದರೆ ಬರುವ ಗುರುವಾರ ಮುಂಜಾನೆಯ ಮೊದಲ ಬಸ್ಸಿಗೆ ಕರಜಗಿಗೆ ಬರುತ್ತೇನೆ. ಬಂದವಳು ನಿಮ್ಮ ಹತ್ತಿರ ಕೂಡದೆ ನೆಟ್ಟಗೆ ಹಿತ್ತಲಿಗೆ ಹೋಗುತ್ತೇನೆ. ಭಾಗಮ್ಮತ್ತೆಯನ್ನು ಕರೆದು ಬಾಗಿಲು ಮುಂದೆ ಮಾಡಿಕೊಂಡು ಕೇಳುತ್ತೇನೆ, ಆಕೆ ಹೇಳುವವರೆಗೂ ಕೂಡುತ್ತೇನೆ. ಒಂದು ದಿನ ಹಿಡಿದರೆ ಒಂದು ದಿನ. ನೀವು ಹೊರಗಿನಿಂದ "ಅಕೀಗೇನಾಗ್ಯದ" ಎಂದು ಕೂಗಬಾರದು. ಕೂಗಿದರೆ ನಾನು ಏನು ಅನ್ನುತ್ತೇನೋ ನನಗೇ ಗೊತ್ತಿಲ್ಲ.

ಮರುದಿನ ಸೊಲ್ಲಾಪುರಕ್ಕೆ ಹೋಗುವುದು. ಆ ಡಾಕ್ಟರಮ್ಮನಿಗೆ ಬರೆದಿದ್ದೇನೆ. ನೀವೂ ಜೊತೆಗೆ ಬರಬೇಕು. ಮೊಳಕಾಲು ಹಿಡಿದಿವೆ ಎನ್ನಬೇಡಿ, ಆರು ಮೈಲಿ ದೂರದ ಮಠಕ್ಕೆ ಮೊನ್ನೆ ನಡೆದೇ ಹೋಗಿದ್ದಿರೆಂದು ಅಣ್ಣಾರಾಯ ಬರೆದಿದ್ದಾನೆ. ಬುತ್ತಿ ಭಾಗಮ್ಮತ್ತೆ ಕಟ್ಟುವುದಿಲ್ಲ, ನೀವೇ ಕಟ್ಟಬೇಕು. ಸೊಸೆ ಮಾಡಿದ ರೊಟ್ಟಿ ಇರುತ್ತವೆ, ತೆಳ್ಳಗೋ ದಪ್ಪಗೋ, ಅವನ್ನೇ ಕಟ್ಟಿ. ರೊಟ್ಟಿಗೆ ಹಚ್ಚಿಕೊಳ್ಳಲು ಖಾರದ ಹಿಂಡಿ ಒಂದಿಷ್ಟು ಮರೆಯದೆ ಇಡಿ, ಆಕೆಗೆ ಹಿಂಡಿ ಇಲ್ಲದೆ ತುತ್ತು ಇಳಿಯುವುದಿಲ್ಲ. ಅದು ನಿಮಗೆ ಗೊತ್ತಿರಲಿಕ್ಕಿಲ್ಲ.

ಆ ದವಾಖಾನೆಯ ಮುಂದೆಯೂ ಒಂದು ಬೇವಿನ ಮರ ಇದೆ ಅಪ್ಪ. ಭಾಗಮ್ಮತ್ತೆಯನ್ನು ನಾನು ಒಳಗೆ ಕರೆದುಕೊಂಡು ಹೋಗುತ್ತೇನೆ. ನೀವು ಆ ಮರದ ಬುಡದಲ್ಲಿ ಬುತ್ತಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಕೂಡಿ. ಯಾರೂ ಬಂದು ನಿಮ್ಮ ತಬ್ಯೇತ ಕೇಳುವುದಿಲ್ಲ. ಹಸಿವಾದರೂ ಆಕೆ ಹೊರಗೆ ಬರುವವರೆಗೆ ಗಂಟು ಬಿಚ್ಚಬೇಡಿ. ಅವ್ವ ಬಿಚ್ಚಿರಲಿಲ್ಲ.

ಮೊದಲಿಗೆ ಬಿಟ್ಟ ಸಾಲನ್ನು ಈಗ ಬರೆಯುತ್ತೇನೆ. ನನಗೆ ಆರಾಮಿಲ್ಲ. ಆರು ವರ್ಷದಿಂದ ಆರಾಮಿಲ್ಲ. ಅಲ್ಲಿ ನೀವೆಲ್ಲರೂ ಕ್ಷೇಮವೆಂದು ನಾನು ನಂಬಿಲ್ಲ, ಬಂದು ನೋಡುತ್ತೇನೆ.

ಅವ್ವನಿಗೆ ಸಿಗದ ಆಯುಷ್ಯವೂ ನಿಮಗೇ ಸಿಕ್ಕಿದೆ. ಅದು ಇನ್ನೂ ಬೆಳೆಯಲಿ, ನೂರು ತುಂಬಲಿ. ಅದರಲ್ಲಿ ಒಂದು ದಿನವನ್ನು, ಬರುವ ಶುಕ್ರವಾರವನ್ನು, ನಿಮ್ಮ ತಂಗಿಗೆ ಕೊಡಿ.

ಗುರುಶಾಂತಮ್ಮನ ಮಗಳು,
ಸುಂದರಬಾಯಿ